ಒಂದು ಗೇಣು ಗೋಡೆ

ಸುರಪುರದ ನಮ್ಮ ಓಣಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನಾವು ಒಗ್ಗರಣೆ ಹಾಕಿದರೆ ಪಕ್ಕದ ದರ್ಜಿಯ ತಾಯಿ ಸೀನುತ್ತಿದ್ದಳು. ದರ್ಜಿಗಿದ್ದದ್ದು ಒಂದೇ ಕೋಣೆ. ಅದರ ತೊಲೆಗಳೆಲ್ಲ ನಮ್ಮ ಪಡಸಾಲೆಯ ಗೋಡೆಯ ಮೇಲೇ ಕೂತಿದ್ದವು.

ನಿಜಾಮನ ಆಳ್ವಿಕೆ ಹೋಗಿ ಹೊಸ ಸರ್ಕಾರ ಬಂದ ಹೊಸತು. ಓಣಿ ಅಗಲವಾಗಬೇಕೆಂದು ಹುಕುಂ ಬಂತು. ಎಲ್ಲಿಯವರೆಗೆ ಒಡೆಯಬೇಕೋ ಅಲ್ಲಿಗೆ ಸರ್ಕಾರಿ ಕಚೇರಿಯವರು ಕೆಮ್ಮಣ್ಣಿನ ಗೆರೆ ಎಳೆದುಹೋದರು. ನಮ್ಮ ಗೋಡೆಯ ಗೆರೆ ದರ್ಜಿಯ ಮೊದಲ ತೊಲೆಯಿಂದ ಒಂದು ಗೇಣು ಒಳಗೆ ಬಿತ್ತು. ಅಷ್ಟು ಒಡೆದರೆ ಅವನ ತಲೆಯ ಮೇಲಿನ ಮಾಳಿಗೆಯೇ ಕುಸಿಯುತ್ತಿತ್ತು. ಅಪ್ಪ ಅದೇ ಕಚೇರಿಯ ಕಾರಕೂನ, ಸರ್ಕಾರದ ಒಂದು ಹಾಳೆಯನ್ನೂ ಮನೆಗೆ ತರದ ಮನುಷ್ಯ. ಅವನಿಗೆ ಊಟ ಸೇರದಾಯಿತು.

ಅಷ್ಟರಲ್ಲಿ ದಸರಾ ಬಂತು. ವರ್ಷದ ಪದ್ಧತಿಯಂತೆ ಓಣಿಯ ಹೆಂಗಸರೆಲ್ಲ ಗೋಡೆಗಳಿಗೆ ಸುಣ್ಣ ಬಳಿದರು. ಗೆರೆಗಳೆಲ್ಲ ಮಾಯವಾದವು. ಅಪ್ಪ ತಲೆ ಹಿಡಿದು ಕೂತ.

“ಹಬ್ಬಕ್ಕ ಸುಣ್ಣ ಹಚ್ಚದ ಬಿಡಾಕ ಬರ್ತದೇನ್ರಿ?” ಎಂದಳು ಅವ್ವ. ಗೆರೆಯ ನೆನಪೇ ಅವಳಿಗಿರಲಿಲ್ಲ.

ಓವರ್ಸಿಯರ್ ಬಂದು ರೇಗಾಡಿದ. ಕೊನೆಗೆ ಕೆಮ್ಮಣ್ಣಿನ ಬಟ್ಟಲನ್ನು ಅಪ್ಪನ ಕೈಗೇ ಕೊಟ್ಟು, ನೆನಪಿದ್ದಂತೆ ಎಳೆ ಎಂದ. ಅಪ್ಪ ಮಿಕ್ಕ ಮನೆಗಳಿಗೆ ಸರಿಯಾಗಿಯೇ ಎಳೆದ. ನಮ್ಮ ಗೋಡೆಗೆ ಬಂದಾಗ ಅವನು ತಲೆಯೆತ್ತಿ ದರ್ಜಿಯ ತೊಲೆ ನೋಡಿದ್ದನ್ನು ನಾನು ಬಾಗಿಲಲ್ಲಿ ನಿಂತು ಕಂಡೆ.

“ಇಲ್ಲಿತ್ರಿ,” ಎಂದು ತೊಲೆಯ ಹೊರಗೆ ಗೆರೆ ಎಳೆದ.

ಓಣಿ ಅಗಲವಾಯಿತು, ನಮ್ಮ ಮನೆ ಮುಂದೆ ಮಾತ್ರ ಇಕ್ಕಟ್ಟಾಗಿ ಉಳಿಯಿತು. ಅಲ್ಲಿಂದ ಅಪ್ಪನಿಗೆ ನೆಮ್ಮದಿಯೆಂಬುದಿರಲಿಲ್ಲ. ಬಂಡಿಯ ಅಚ್ಚು ಗೋಡೆಗೆ ತಗುಲಿದ ಸದ್ದಾದರೆ ಉಣ್ಣುವ ಕೈ ತೊಳೆದು ಓಡುತ್ತಿದ್ದ. ಬಂಡಿಯವರು ಆ ಗೋಡೆ ಕಟ್ಟಿದವನ ಏಳು ತಲೆಮಾರನ್ನು ಬೈಯುತ್ತಿದ್ದರು. ಅಪ್ಪ ಹೌದ್ರಿ, ಹೌದ್ರಿ ಎನ್ನುತ್ತ ಗಾಲಿಗೆ ಭುಜ ಕೊಡುತ್ತಿದ್ದ. ಕಚೇರಿಯಿಂದ ಯಾರೇ ಬಂದರೂ ಅವನ ಮುಖ ಬಿಳಿಚುತ್ತಿತ್ತು. ನನಗೆ ಸಿಟ್ಟು ಬರುತ್ತಿತ್ತು. ಒಬ್ಬರಿಗೂ ಗೊತ್ತಿಲ್ಲದ ತಪ್ಪಿಗೆ ಇಷ್ಟು ವರ್ಷ ಯಾಕೆ ಬೇಯಬೇಕು?

ಅಪ್ಪ ತೀರಿಕೊಂಡಾಗ ಬಿದಿರಿನ ವಿಮಾನ ಕಟ್ಟಿ, ಹೆಣವನ್ನು ಅದರಲ್ಲಿ ಕೂರಿಸಿ ಹೊತ್ತು ಹೊರಟೆವು. ಹತ್ತು ಹೆಜ್ಜೆಯೂ ಆಗಿರಲಿಲ್ಲ, ವಿಮಾನ ಅದೇ ಗೋಡೆಗೆ ಸಿಕ್ಕಿಕೊಂಡಿತು. ಹೊತ್ತವರಲ್ಲೊಬ್ಬ ಗೋಡೆಯನ್ನು ಬೈದ. ಮುದುಕನಾಗಿದ್ದ ದರ್ಜಿ ಹೊರಗೆ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತ.

“ಗ್ವಾಡಿಗೆ ಬೈಬ್ಯಾಡ್ರಿ. ಜರಾ ವಾರಿ ಮಾಡ್ರಿ, ಓರೆ ಹಿಡೀರಿ,” ಎಂದ. “ಅವ್ರು ನನ್ನ ಸಲುವಾಗಿ ಉಳಿಸಿದ್ದು ಇದು.”