ಟೆರೇಸಿನ ಕುಂಬಳಬಳ್ಳಿ

ನಮ್ಮ ದೊಡ್ಡಮ್ಮ ಒಂದು ಕಡೆ ಕೂತಿದ್ದನ್ನು ಕಂಡವರಿಲ್ಲ. ಆಸ್ಪತ್ರೆಯ ವಾರ್ಡುಗಳನ್ನು ತೊಳೆದೂ ತೊಳೆದೂ ನಿವೃತ್ತಳಾದವಳಿಗೆ ಹರಿದಾಡುವುದೆಲ್ಲ ಕೊಳೆಯೇ. ಟೆರೇಸಿನಲ್ಲಿ ಕುಂಬಳ ಹಾಕಿದಳು. ಇರುವೆ ಕಂಡಿತೆಂದು ಬೆಳಿಗ್ಗೆ ಸಂಜೆ ಔಷಧಿ ಹೊಡೆದಳು. ಬಳ್ಳಿ ತುಂಬ ಹೂವಾಯಿತು, ಹೀಚುಗಳು ಮಾತ್ರ ಬಾಡಿ ಉದುರಿದವು.

"ಹೂವಿಗೆ ಬರೋ ಜೇನುಹುಳಾನೆಲ್ಲ ನೀನೇ ಸಾಯಿಸ್ದೆ. ಇನ್ನು ಕಾಯಿ ಹೇಗೆ ಕಚ್ಚುತ್ತೆ?" ಎಂದರು ದೊಡ್ಡಪ್ಪ, ಪೇಪರಿನಿಂದ ತಲೆಯೆತ್ತದೆ.

ದೊಡ್ಡಮ್ಮ ಔಷಧಿಯ ಡಬ್ಬ ಎಸೆದು, ನನ್ನ ಬಣ್ಣದ ಬ್ರಷ್ ಕಿತ್ತುಕೊಂಡಳು. ದಿನಾ ಬೆಳಕು ಹರಿಯುವಾಗಲೇ ಗಂಡುಹೂವಿನ ಪುಡಿಯನ್ನು ಹೆಣ್ಣುಹೂವಿಗೆ ಒರೆಸುವುದು, ಕೆಳಗಿಳಿದು ಒಲೆ ನೋಡುವುದು, ಮತ್ತೆ ಮೇಲೆ ಓಡುವುದು. ಸೊಂಟ ಹಿಡಿದುಕೊಂಡಿತು. ಅರ್ಧ ಮುಗಿಯುವಷ್ಟರಲ್ಲಿ ಉಳಿದ ಹೂವುಗಳು ಮುದುಡುತ್ತಿದ್ದವು.

"ಒಂದು ಹುಳ ಮಾಡೋ ಕೆಲ್ಸ ನನ್ನ ಕೈಲಿ ಆಗ್ತಿಲ್ವಲ್ಲೇ," ಎಂದು ನನ್ನ ಮೇಲೆ ಸಿಡುಕಿದಳು.

ಹಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ, ಕಾಫಿ ಆರುತ್ತಿದೆ ಎಂದು ಕೂಗುತ್ತ ಮೆಟ್ಟಿಲು ಹತ್ತಿದೆ. ದೊಡ್ಡಮ್ಮ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು. ಬ್ರಷ್ ಮಡಿಲಲ್ಲಿತ್ತು. ಎದುರಿನ ಹೂವಿನೊಳಗಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು.

"ಮೆತ್ತಗೆ ಮಾತಾಡೇ," ಅಂದಳು. "ಕೆಲ್ಸದವ್ರು ಬಂದಿದಾರೆ."