ಸಾಬವ್ವ ತಿಕ್ಕಿದ ಹಿತ್ತಾಳೆ

ಅಫಜಲಪುರದ ಭಾಗೀರಥಿಬಾಯಿಯವರ ಅಡುಗೆಮನೆಯ ಗೋಡೆಗಪಾಟಿಗೆ ಕದ ತಿರುಗುವ ಹಿತ್ತಾಳೆಯ ಆರು ಬಿಜಾಗರಿ, ಎರಡು ಹಿಡಿಕೆ, ಒಂದು ಚಿಲಕ ಇದ್ದವು. ಹನ್ನೊಂದು ವರ್ಷ ಅವನ್ನು ತಿಕ್ಕಿದವಳು ಸಾಬವ್ವ. ಕಪಾಟನ್ನು ಮಾತ್ರ ಆಕೆ ನೋಡಿರಲಿಲ್ಲ. ಹೊಲಗೇರಿಯವಳಾದ ಆಕೆಗೆ ಹಿತ್ತಲಿನ ಹೊಸ್ತಿಲೇ ಕೊನೆ.

ಅದಕ್ಕೆ ವರ್ಷಕ್ಕೆರಡು ಸಲ, ಯುಗಾದಿ ಮತ್ತು ದೀಪಾವಳಿಯ ಮುಂದೆ, ಬಡಿಗ ಜಹೀರುದ್ದೀನ ಬರುತ್ತಿದ್ದ. ಒಲೆ ತಣ್ಣಗಿದ್ದರೆ ಆತ ಒಳಗೆ ಹೋಗಬಹುದಿತ್ತು. ತಿರುಪು ಬಿಚ್ಚಿ, ಕದ ಇಳಿಸಿ, ಹಿತ್ತಾಳೆಯನ್ನು ಹಿತ್ತಲಲ್ಲಿ ಗೋಣಿಚೀಲದ ಮೇಲೆ ಹರವುತ್ತಿದ್ದ. ಬಿಜಾಗರಿ ಅದಲುಬದಲಾಗದಂತೆ ಒಂದಕ್ಕೆ ಒಂದು ಗೀರು, ಇನ್ನೊಂದಕ್ಕೆ ಎರಡು, ಹೀಗೆ ಆರರವರೆಗೆ ಅರದಿಂದ ಗುರುತು ಮಾಡಿದ್ದ. ಯಾವ ಗೀರಿನದು ಎಲ್ಲಿಗೆ ಎಂದು ಸಾಬವ್ವನಿಗೂ ಹೇಳುತ್ತಿದ್ದ. ಸಾಬವ್ವ ಹುಣಸೆಹಣ್ಣು, ಬೂದಿ ಹಚ್ಚಿ ಬೆಳಗುತ್ತಿದ್ದಳು. ಆಮೇಲೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು.

ನಲವತ್ತೆಂಟರ ಯುಗಾದಿಯ ಮುಂದೆ ಹಿತ್ತಾಳೆ ಗೋಣಿಚೀಲದ ಮೇಲಿರುವಾಗಲೇ ನಿಜಾಮನ ಕಡೆಯ ರಜಾಕಾರರು ಬರುತ್ತಾರೆಂಬ ಸುದ್ದಿ ಬಂತು. ಭಾಗೀರಥಿಬಾಯಿ, ಅವರ ಗಂಡ ನರಸಿಂಹರಾಯರು ಭೀಮಾ ದಾಟಿ ಸೋಲಾಪುರಕ್ಕೆ ಹೋದರು. ಹಿತ್ತಾಳೆಯ ನೆನಪು ಯಾರಿಗೂ ಆಗಲಿಲ್ಲ. ಸಾಬವ್ವ ಅದನ್ನು ಸೀರೆಯ ತುಂಡಿನಲ್ಲಿ ಕಟ್ಟಿ, ತನ್ನ ಮನೆಯ ಜೋಳದ ಹೊಟ್ಟಿನ ಗಡಿಗೆಯೊಳಗೆ ಮುಚ್ಚಿಟ್ಟಳು. ತಿಂಗಳಿಗೊಮ್ಮೆ ತೆಗೆದು ತಿಕ್ಕಿದಳು. ಯಾರೂ ಹೇಳಿರಲಿಲ್ಲ. ಹಿತ್ತಾಳೆ ಕಿಲುಬುಗಟ್ಟುತ್ತದೆ, ಅಷ್ಟೆ.

ಭಾರತದ ಸೈನ್ಯದ ಪೊಲೀಸ್ ಕಾರ್ಯಾಚರಣೆ ಮುಗಿದು, ದೀಪಾವಳಿ ಕಳೆದ ಮೇಲೆ ಭಾಗೀರಥಿಬಾಯಿ ಒಬ್ಬರೇ ಮರಳಿದರು. ರಾಯರು ಜ್ವರದಿಂದ ಸೋಲಾಪುರದಲ್ಲೇ ಉಳಿದಿದ್ದರು. ಮನೆಯ ಪಾತ್ರೆ, ಕಾಳು ಎಲ್ಲ ಲೂಟಿಯಾಗಿದ್ದವು. ಕಪಾಟಿನ ಕದಗಳು ಗೋಡೆಗೆ ಒರಗಿದಲ್ಲೇ ಇದ್ದವು.

ಸಾಬವ್ವ ಗಂಟು ತಂದು ಹೊಸ್ತಿಲಲ್ಲಿಟ್ಟಳು. "ಬಾಯಾರ, ನಿಮ್ಮ ಸಾಮಾನ ತಂದೇನ್ರಿ."

ಭಾಗೀರಥಿಬಾಯಿ ಗಂಟು ಬಿಚ್ಚಿ ಬಹಳ ಹೊತ್ತು ನೋಡಿದರು. "ಜಹೀರುದ್ದೀನಗ ಬಾ ಅಂತ ಹೇಳು."

"ಅಂವ ಇಲ್ರಿ. ಮಿಲ್ಟ್ರಿ ಬಂದ ಮ್ಯಾಲ ಅವರ ಓಣ್ಯಾಗ ಯಾರೂ ಉಳದಿಲ್ರಿ."

ಭಾಗೀರಥಿಬಾಯಿ ಹಿತ್ತಾಳೆಯ ಮೇಲೆ ನೀರು ಚಿಮುಕಿಸಿ ಒಳಗೆ ಒಯ್ದರು.

ಕದವಿಲ್ಲದ ಕಪಾಟಿನಲ್ಲಿಟ್ಟ ಹಾಲನ್ನು ಎರಡು ದಿನ ಬೆಕ್ಕು ಕುಡಿಯಿತು. ಮೂರನೆಯ ದಿನ ಬಾಯಿಯವರು ಸಾಬವ್ವನನ್ನು ಕರೆಸಿದರು. "ಯಾವುದು ಎಲ್ಲಿ ಅಂತ ಗೊತ್ತದ ಏನು?"

"ಗೊತ್ತೈತ್ರಿ. ಒಂದ ಗೀರಿಂದು ಎಡಕ್ಕ, ಮ್ಯಾಲ."

"ನೀ ಅಲ್ಲಿಂದನ ಹೇಳು. ನಾ ಕೂಡಸ್ತೀನಿ."

ಸಾಬವ್ವ ಹೊಸ್ತಿಲಾಚೆ ನಿಂತು ಹೇಳಿದಳು. ಒಳಗೆ ಕದ ಎರಡು ಸಲ ಬಿತ್ತು, ಎರಡನೆಯ ಸಲ ಭಾಗೀರಥಿಬಾಯಿಯವರ ಕಾಲ ಮೇಲೆ.

"ಬಾಯಾರ, ಒಬ್ರು ಹಿಡೀಬೇಕ್ರಿ, ಒಬ್ರು ತಿರುವಬೇಕ್ರಿ."

ಒಳಗೆ ಕದವನ್ನು ಗೋಡೆಗೆ ಒರಗಿಸಿದ ಸದ್ದಾಯಿತು. ಆಮೇಲೆ "ಬಾ" ಎಂದು ಕೇಳಿಸಿತು. ಸಾಬವ್ವ ಸೆರಗಿನಿಂದ ಕಾಲು ಒರೆಸಿಕೊಂಡಳು. ಮತ್ತೊಮ್ಮೆ ಕರೆದಾಗ ಒಳಗೆ ಹೋದಳು. ಗೋಡೆಯಗಲ ಇರಬಹುದೆಂದುಕೊಂಡಿದ್ದ ಕಪಾಟು ಎರಡೇ ಮೊಳ ಅಗಲವಿತ್ತು. ಆಕೆ ಕದ ಹಿಡಿದಳು, ಬಾಯಿಯವರು ತಿರುಪು ತಿರುವಿದರು. ಕೊನೆಗೆ ಒಂದು ಹಿಡಿಕೆಯ ಮೇಲೆ ಕಲೆ ಕಂಡು, ಸಾಬವ್ವ ಹುಣಸೆಹಣ್ಣು ಹಚ್ಚಿ ಅಲ್ಲೇ ತಿಕ್ಕಿಬಿಟ್ಟಳು.

"ಬಿಚ್ಚದನೂ ತಿಕ್ಕಲಿಕ್ಕೆ ಬರ್ತದ?" ಭಾಗೀರಥಿಬಾಯಿ ಕೇಳಿದರು.

"ಮೊದಲಿಂದನೂ ಬರ್ತಿತ್ರಿ."

ಭಾಗೀರಥಿಬಾಯಿ ಕದವನ್ನು ಒಮ್ಮೆ ಮುಚ್ಚಿ ತೆರೆದರು. "ಹಂಗಾದ್ರ ಮುಂದಿನ ಸಲ ಇಲ್ಲೇ ತಿಕ್ಕು."

ಸಾಬವ್ವ ಹಿತ್ತಲು ದಾಟುವಾಗ ಹಿಂದೆ ಅಡುಗೆಮನೆ ತೊಳೆಯುವ ಸಪ್ಪಳ ಕೇಳುತ್ತಿತ್ತು. ಮನೆಯಲ್ಲಿ ಕಾಯುತ್ತಿದ್ದ ಗಂಡ ದೇವೀಂದ್ರಪ್ಪನಿಗೆ ತಾನು ಒಳಗೆ ಹೋದದ್ದನ್ನು ಹೇಳಿದಳು.

"ಒಳಗ ಹೆಂಗೈತಿ?"

"ಕತ್ತಲೈತಿ," ಎಂದಳು ಸಾಬವ್ವ. "ಗವಾಕ್ಷಿ ಭಾಳ ಸಣ್ಣದು."