ತಮ್ಮನಿಗೆ ಕೇಳಿದ ನೇರ ಪ್ರಶ್ನೆ

ಆ ದಿನ ಜೈಲಿನ ಭೇಟಿಯಲ್ಲಿ ನನ್ನ ತಮ್ಮ ಪ್ರವೀಣ ಊಟದ ಬಗ್ಗೆ ದೂರಲಿಲ್ಲ. ನನಗೆ ಮೊದಲು ಹೆದರಿಕೆಯಾದದ್ದು ಅದಕ್ಕೇ.

ಅವನು ಸಿಟಿ ಬಸ್ಸಿನ ಡ್ರೈವರ್. ಸೊಂಟದಲ್ಲಿ ಎತ್ತಿ ನಾನೇ ಆಡಿಸಿದವನು. ಒಂದು ಜಗಳದಲ್ಲಿ ಗೆಳೆಯನನ್ನು ದೂಡಿದ. ಬಿದ್ದವನು ಏಳಲಿಲ್ಲ. ಈಗ ವಿಚಾರಣಾಧೀನ ಕೈದಿ. ನಿದ್ದೆ ಬಾರದೆ ಮನೋವೈದ್ಯರ ಔಷಧ ಶುರುವಾಗಿತ್ತು. ಆದರೂ ನಾನು ಹೋದಾಗಲೆಲ್ಲ ಸಾರು ನೀರು, ಅನ್ನ ಬೆಂದಿಲ್ಲ ಎಂದು ಗೊಣಗುತ್ತಿದ್ದ. ಅಂದು ಮಾತ್ರ ತೀರಾ ಶಾಂತವಾಗಿದ್ದ.

"ಇನ್ನು ನೀನು ಬರುದು ಬೇಡ ಅಕ್ಕ. ಅಮ್ಮನನ್ನು ನೋಡಿಕೊ."

ಬಸ್ ಸ್ಟಾಪಿನವರೆಗೆ ಬಂದವಳು ತಿರುಗಿ ಹೋದೆ. ಜೈಲಿನ ಅಧಿಕಾರಿಗೆ ಹೇಳಿದೆ: "ಸರ್, ಅವನ ಮಾತು ಸರಿ ಇಲ್ಲ. ಒಬ್ಬನನ್ನೇ ಬಿಡಬೇಡಿ." ಅವರು ವಾದಿಸಲಿಲ್ಲ. ಮರುದಿನ ಅವನನ್ನು ಅತ್ತಾವರದ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆತಂದರು; ನನಗೂ ಬರಲು ಹೇಳಿದ್ದರು.

ಬಾಗಿಲಲ್ಲಿ ಪೊಲೀಸ್. ಡಾಕ್ಟರ್ ನನ್ನ ವಯಸ್ಸಿನ ಹೆಂಗಸು. ಪ್ರವೀಣನ ಒಪ್ಪಿಗೆ ಕೇಳಿ ನನ್ನನ್ನೂ ಕೂರಿಸಿಕೊಂಡರು. ಮೊದಲು ನಿದ್ದೆಯ ಬಗ್ಗೆ ವಿಚಾರಿಸಿದರು. ಆಮೇಲೆ, ಅದೇ ಸ್ವರದಲ್ಲಿ:

"ಸಾಯಬೇಕು ಅಂತ ಅನ್ನಿಸ್ತದಾ ಪ್ರವೀಣ್?"

ಇಲ್ಲದ ಯೋಚನೆಯನ್ನು ಇವರೇ ತಲೆಗೆ ತುಂಬುತ್ತಾರಲ್ಲ ಎಂದು ನನಗೆ ಸಿಟ್ಟು ಬಂತು. ಪ್ರವೀಣ ತನ್ನ ಕೈಗಳನ್ನೇ ನೋಡುತ್ತ ಕುಳಿತ. ಕೊನೆಗೆ "ಹೌದು" ಎಂದ. "ಅವನನ್ನು ಕೊಂದವ ನಾನು. ಬದುಕಿ ಎಂತ ಮಾಡ್ಲಿಕ್ಕುಂಟು?"

ಆ ಯೋಚನೆ ಯಾವಾಗ ಹೆಚ್ಚಾಗುತ್ತದೆ, ಯಾರಿಗಾದರೂ ಹೇಳಿದ್ದುಂಟಾ, ಯಾರ ನೆನಪು ತಡೆಯುತ್ತದೆ ಎಂದು ಅವರು ಅವಸರವಿಲ್ಲದೆ ಕೇಳುತ್ತ ಹೋದರು. "ಅಕ್ಕ" ಎಂದವನು ಅಳತೊಡಗಿದ. ಬಂಧನವಾದ ಮೇಲೆ ಅವನು ಅತ್ತದ್ದು ನಾನು ನೋಡಿರಲಿಲ್ಲ. ಅವನ ತಲೆಯನ್ನು ಎದೆಗೆ ಒತ್ತಿಕೊಂಡೆ. ಪೊಲೀಸಿನವರು ತಡೆಯಲಿಲ್ಲ.

"ರಿಸ್ಕ್ ಉಂಟು," ಡಾಕ್ಟರ್ ನನಗೆ ಹೇಳಿದರು. "ಕೇಳಿದ್ರೆ ಆ ಯೋಚನೆ ಹುಟ್ಟುದಿಲ್ಲ. ಕೇಳಿದ್ದಕ್ಕೆ ಹೇಳಿದ್ರು. ಸ್ವಲ್ಪ ದಿನ ವಾರ್ಡಿನಲ್ಲೇ ಇರಲಿ."

ಔಷಧ ಬದಲಾಯಿತು. ಈಗ ಅವನು ಮತ್ತೆ ಜೈಲಿನಲ್ಲಿದ್ದಾನೆ, ಆದರೆ ಒಬ್ಬನೇ ಅಲ್ಲ. ಕೌನ್ಸೆಲರ್ ಬಂದು ಮಾತಾಡಿಸುತ್ತಾರೆ. ಕೇಸು ನಡೆಯುತ್ತಿದೆ. ಎಲ್ಲ ಸರಿಹೋಯಿತು ಎಂದು ಹೇಳುವ ಧೈರ್ಯ ನನಗಿಲ್ಲ. ಕಳೆದ ಭೇಟಿಯಲ್ಲಿ ಅವನಾಗಿಯೇ, "ನಿನ್ನೆ ತುಂಬ ಕಷ್ಟ ಆಯ್ತು. ಕೌನ್ಸೆಲರಿಗೆ ಹೇಳಿದೆ" ಎಂದ.

"ಒಳ್ಳೇದು ಮಾಡಿದಿ ಮಾರಾಯ" ಎಂದೆ.

ಉರ್ವದ ಮನೆಗೆ ಬಂದು ಅಮ್ಮನಿಗೆ ಏನೂ ಮುಚ್ಚಿಡದೆ ಹೇಳಿದೆ. ಅವಮಾನದಿಂದಲೋ ದುಃಖದಿಂದಲೋ, ಅವರು ಒಮ್ಮೆಯೂ ಅವನನ್ನು ನೋಡಲು ಹೋಗಿರಲಿಲ್ಲ. ಎಲ್ಲ ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡರು.

"ಮುಂದಿನ ಸಲ ನಾನೂ ಬರ್ತೇನೆ."